ವಂಶವೋ ಪರಿಸರವೋ: ನರ ಸೊರಗುವ ಕಾಯಿಲೆಗಳ ಜಾಡು



ದಕ್ಷಿಣ ಬೆಂಗಳೂರಿನಲ್ಲಿ, ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಸಮೀಪವಾಗಿ, ಹೊಸೂರು ರಸ್ತೆಯ ಮಗ್ಗುಲಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ‘ಹುಚ್ಚಾಸ್ಪತ್ರೆ’. ಆ ಹೆಸರಿಗೆ ಅಂಜಿ, ಕೈಕಾಲು ಸೊರಗಿದ ಮಗನನ್ನು ಅಲ್ಲಿಗೆ ಕರೆದೊಯ್ಯಲು ಹಿಂಜರಿಯುವ ಮನೆಗಳುಂಟು. ಆದರೆ ಚಲನ ನರಕೋಶದ ಕಾಯಿಲೆಗಳು ದಕ್ಷಿಣ ಭಾರತದಲ್ಲಿ ತಾಳುವ ರೂಪಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಆವರಣದಲ್ಲಿಯೇ ದಾಖಲಾದದ್ದು.

ಮಿದುಳಿನ ಅಪ್ಪಣೆಯನ್ನು ಬೆನ್ನುಹುರಿಯ ಮೂಲಕ ಸ್ನಾಯುಗಳಿಗೆ ಮುಟ್ಟಿಸುವ ಕೋಶಗಳೇ ಚಲನ ನರಕೋಶಗಳು. ಅವು ಸಾಯತೊಡಗಿದರೆ ಸ್ನಾಯು ಬತ್ತುತ್ತದೆ. ಹಿಡಿದ ಕತ್ತಿ ಜಾರುತ್ತದೆ, ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ಮಾತು ತೊದಲುತ್ತದೆ. ಇವುಗಳಲ್ಲಿ ಎ.ಎಲ್.ಎಸ್. ಎಂಬುದು ಅತಿ ಉಗ್ರ. ಕೊನೆಗೆ ಉಸಿರಾಟದ ಸ್ನಾಯುಗಳನ್ನೂ ಅದು ಸೋಲಿಸುತ್ತದೆ. ಇಂತಹ ಕಾಯಿಲೆ ಮನೆಗೆ ಬಂದಾಗ ಏಳುವ ಮೊದಲ ಪ್ರಶ್ನೆ ‘ಇದು ವಂಶದಿಂದ ಬಂತೇ, ತೋಟಕ್ಕೆ ಹೊಡೆದ ಔಷಧಿಯಿಂದ ಬಂತೇ’ ಎಂಬುದು. ಉತ್ತರದ ಮೇಲೆ ಎಷ್ಟೋ ಹೆಣ್ಣುಮಕ್ಕಳ ಮದುವೆ ನಿಂತಿರುತ್ತದೆ.

2008ರಲ್ಲಿ ನಿಮ್ಹಾನ್ಸ್‌ನ ಡಾ. ಎ. ನಳಿನಿ ಮತ್ತು ಸಂಗಡಿಗರು 30 ವರ್ಷಗಳ ಅವಧಿಯ 1,153 ಎ.ಎಲ್.ಎಸ್. ರೋಗಿಗಳ ಲೆಕ್ಕ ಮುಂದಿಟ್ಟರು. ಕಾಯಿಲೆ ಆರಂಭವಾದ ಸರಾಸರಿ ವಯಸ್ಸು ಸುಮಾರು 46. ಯುರೋಪು, ಅಮೆರಿಕಗಳಲ್ಲಿ ಅದು 60ರ ಆಸುಪಾಸು. ಅಲ್ಲಿ ಸಾಮಾನ್ಯವಾಗಿ ಕೆಲವೇ ವರ್ಷಗಳ ಆಯುಷ್ಯವಾದರೆ, ಇಲ್ಲಿ ಅರ್ಧದಷ್ಟು ರೋಗಿಗಳು ಒಂಬತ್ತು ವರ್ಷಕ್ಕೂ ಹೆಚ್ಚು ಬದುಕಿದ್ದರು. ಇದನ್ನು ಓದಿ ಭಾರತೀಯರ ರಕ್ತವೇ ಬೇರೆ ಎನ್ನುವ ಮುನ್ನ ತುಸು ತಡೆಯಬೇಕು. ಈ ದೇಶದಲ್ಲಿ ಎಳೆಯರ ಸಂಖ್ಯೆಯೇ ಹೆಚ್ಚು. ಮುದುಕರನ್ನು ಅಷ್ಟು ದೂರದ ಆಸ್ಪತ್ರೆಗೆ ಒಯ್ಯುವವರು ಕಡಿಮೆ. ಕಾಯಿಲೆ ಬೇಗ ಉಲ್ಬಣಿಸಿದವರು ಬೆಂಗಳೂರು ತಲುಪುವುದೇ ಇಲ್ಲ. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ. ಹಾಗೆಂದು ವಂಶದ ಪಾತ್ರವನ್ನು ಅಲ್ಲಗಳೆಯಲೂ ಆಗದು. 2011ರಲ್ಲಿ ಪತ್ತೆಯಾದ ‘ಸಿ9ಒಆರ್‌ಎಫ್72’ ಎಂಬ ವಂಶವಾಹಿಯ ದೋಷವು ಯುರೋಪ್ ಮೂಲದ ಎ.ಎಲ್.ಎಸ್. ಕುಟುಂಬಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿದೆ, ಏಷ್ಯಾದವರಲ್ಲಿ ಅಪರೂಪ.

ದಕ್ಷಿಣ ಭಾರತಕ್ಕೇ ವಿಶಿಷ್ಟವೆನ್ನಬಹುದಾದ ಇನ್ನೊಂದು ರೂಪವನ್ನು ಮದ್ರಾಸಿನ ವೈದ್ಯರು 1970ರಲ್ಲಿ ವರ್ಣಿಸಿದರು. ಅದಕ್ಕೆ ಮದ್ರಾಸ್ ಚಲನ ನರಕೋಶದ ಕಾಯಿಲೆ ಎಂದೇ ಹೆಸರು ನಿಂತಿತು. ಕರ್ನಾಟಕದಲ್ಲಿಯೂ ಇದು ಉಂಟು. ಹರೆಯದಲ್ಲೇ ಕೈಕಾಲು ಬತ್ತುತ್ತದೆ, ಮುಖದ ಸ್ನಾಯುಗಳು ಸೋಲುತ್ತವೆ, ಬಹುತೇಕರಿಗೆ ಕಿವಿ ಮಂದವಾಗುತ್ತದೆ. ಆದರೆ ಕಾಯಿಲೆ ನಿಧಾನವಾಗಿ ಬೆಳೆಯುವುದರಿಂದ ರೋಗಿ ದಶಕಗಳ ಕಾಲ ಬದುಕುತ್ತಾನೆ. ಹೆಚ್ಚಿನವರ ಮನೆಯಲ್ಲಿ ಎರಡನೆಯ ರೋಗಿ ಇರುವುದಿಲ್ಲ. ಆದರೂ 2006ರಲ್ಲಿ ನಿಮ್ಹಾನ್ಸ್ ತಂಡವು ಇದು ವಂಶದಲ್ಲಿ ಹರಿದ 15 ಕುಟುಂಬಗಳನ್ನು ದಾಖಲಿಸಿತು. ಇಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯನ್ನು ನೆನೆಯಬೇಕು. 1980ರ ದಶಕದ ಅಧ್ಯಯನಗಳು ಕರ್ನಾಟಕದ ಮದುವೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧದವು ಎಂದು ಕಂಡಿದ್ದವು. ಮುಸುಕಿನ ಜೋಳದ ಗಿಡಕ್ಕೆ ಅದರದೇ ಪರಾಗವನ್ನು ಹಾಕಿ ಬೀಜ ತೆಗೆದವರಿಗೆ ಗೊತ್ತು: ಹಸಿರು ಸಸಿಗಳ ನಡುವೆ ಬಿಳಿಚಿದ ಸಸಿಗಳೂ ತಲೆಯೆತ್ತುತ್ತವೆ. ದೋಷ ಹೊಸದಲ್ಲ; ಅಡಗಿದ್ದ ಎರಡು ಪ್ರತಿಗಳು ಒಂದೆಡೆ ಕೂಡಿದವು, ಅಷ್ಟೆ.

ಪರಿಸರದ ಕಡೆಯ ಸಾಕ್ಷ್ಯವೂ ಗಟ್ಟಿಯಾಗಿಯೇ ಇದೆ. ಮಧ್ಯ ಭಾರತದಲ್ಲಿ ಬರಗಾಲದ ತಿಂಗಳುಗಳಲ್ಲಿ ಕೇಸರಿ ಬೇಳೆಯನ್ನೇ ಉಂಡು ಬದುಕಿದ ಕೂಲಿಕಾರರ ಕಾಲುಗಳು ಸೆಡೆತುಹೋದವು. ಅದರೊಳಗಿನ ನರವಿಷವನ್ನು 1964ರಲ್ಲಿ ಬೇರ್ಪಡಿಸಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಶಾಂತಸಾಗರದ ಗುವಾಮ್ ದ್ವೀಪದ ಮೂಲನಿವಾಸಿಗಳಲ್ಲಿ 1950ರ ಸುಮಾರಿಗೆ ಎ.ಎಲ್.ಎಸ್. ಉಳಿದೆಡೆಗಿಂತ 50ರಿಂದ 100 ಪಟ್ಟು ಹೆಚ್ಚಿತ್ತು. ಮುಂದಿನ ದಶಕಗಳಲ್ಲಿ ಅದು ಇಳಿಯಿತು. ಒಂದೆರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗದು. ಬದಲಾದದ್ದು ಬದುಕುವ ರೀತಿ. ಅನುಮಾನ ಮುಖ್ಯವಾಗಿ ಬಿದ್ದದ್ದು ಅವರು ಹಿಟ್ಟು ಮಾಡಿ ಉಣ್ಣುತ್ತಿದ್ದ ಸೈಕಸ್ ಗಿಡದ ಬೀಜದ ಮೇಲೆ. ಆದರೆ ಅಪರಾಧ ಇನ್ನೂ ಸಾಬೀತಾಗಿಲ್ಲ. ಪಶ್ಚಿಮ ಘಟ್ಟದಲ್ಲಿಯೂ ಅದೇ ಜಾತಿಯ ಒಂದು ಗಿಡವಿದೆ. ಅದರ ಬೀಜವನ್ನು ನೀರಿನಲ್ಲಿ ನೆನೆಸಿ, ಪದೇ ಪದೇ ತೊಳೆದು ವಿಷ ತೆಗೆಯುವ ಬುದ್ಧಿ ಘಟ್ಟದ ಅಜ್ಜಿಯರದು.

ವಂಶವೂ ಅಲ್ಲದ, ವಿಷವೂ ಅಲ್ಲದ ದಾರಿಯೊಂದುಂಟು. 1984ರಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಬತ್ತಿದ 23 ಜನರನ್ನು ವರ್ಣಿಸಿದರು. ಹೆಚ್ಚಿನವರು ಹರೆಯದ ಗಂಡಸರು. ಕೆಲವು ವರ್ಷ ಮುಂದುವರಿದು ಕಾಯಿಲೆ ತಾನಾಗಿ ನಿಲ್ಲುತ್ತದೆ. ಕೈ ಬತ್ತುವವರಲ್ಲಿ ಅನೇಕರಿಗೆ, ಕತ್ತು ಬಗ್ಗಿಸಿದಾಗ ಬೆನ್ನುಹುರಿ ಒತ್ತಿಹೋಗುವುದೇ ಕಾರಣವೆಂದು ಮುಂದೆ ತಿಳಿಯಿತು. ಇದನ್ನು ಎ.ಎಲ್.ಎಸ್. ಎಂದು ಬಗೆದು ಕೈಚೆಲ್ಲಿದ ಮನೆಗೆ ಆಗುವ ಅನ್ಯಾಯ ಸಣ್ಣದಲ್ಲ.

ಮಲೆನಾಡಿಗರಿಗೆ ಈ ಗೊಂದಲ ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬಡ ಕೂಲಿಕಾರ ಕುಟುಂಬಗಳ ಸೊಂಟ, ಮಂಡಿಗಳು ಹಿಡಿದುಕೊಂಡು ಜನ ನಡೆಯಲಾರದಾದರು. ಅದು ನರದ ಕಾಯಿಲೆಯಲ್ಲ, ಮೂಳೆ-ಕೀಲುಗಳದು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿಯನ್ನು ತಿಂದದ್ದು, ಇವೇ ಕಾರಣವೆಂದು ಮೊದಲು ಬಲವಾಗಿ ಶಂಕಿಸಲಾಯಿತು. ನಂಬಲು ಸುಲಭವಾದ ಮಾತು. ಪರಿಸರದ ಬಗ್ಗೆ ಕಾಳಜಿಯಿದ್ದವರಿಗಂತೂ ಇನ್ನೂ ಸುಲಭ. ಆದರೆ ವಂಶವೃಕ್ಷ ಬರೆದು, ಕ್ಷ-ಕಿರಣದ ಚಿತ್ರಗಳನ್ನು ಜೋಡಿಸಿ ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ದೋಷವೆಂದು 1990ರ ದಶಕದಲ್ಲಿ ಸ್ಪಷ್ಟವಾಯಿತು. ಕೀಟನಾಶಕ ಇದರಿಂದ ನಿರಪರಾಧಿಯಾಗಲಿಲ್ಲ. ಆ ಒಂದು ಆರೋಪ ಮಾತ್ರ ನಿಲ್ಲಲಿಲ್ಲ.

ಆದುದರಿಂದ ನಿಮ್ಹಾನ್ಸ್‌ಗೆ ಹೊರಡುವ ಮನೆಯವರು ಒಂದು ಹಾಳೆಯಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಬರೆದು ಒಯ್ಯಲಿ. ಯಾರು ಯಾರನ್ನು ಮದುವೆಯಾದರು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು, ರೋಗಿ ತೋಟದಲ್ಲಿ ಏನೇನು ಸಿಂಪಡಿಸಿದ, ಎಷ್ಟು ವರ್ಷ ಸಿಂಪಡಿಸಿದ ಎಂಬುದಿರಲಿ. ಕಿವಿ ಕೇಳದ ಚಿಕ್ಕಪ್ಪನೊಬ್ಬನಿದ್ದರೆ, ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಬಿಟ್ಟುಬಿಡದೆ, ಅವನನ್ನೂ ಬರೆಯಲಿ.