ತಲಪಾಡಿಯ ಆಚೆಗೂ ಈಚೆಗೂ

ಬ್ರಿಟನ್ ದೇಶವು ಯುರೋಪಿನ ಒಕ್ಕೂಟದಿಂದ ಹೊರಬರುವುದೆಂದು ಜನಮತದ ಮೂಲಕ ತೀರ್ಮಾನಿಸಿದ್ದು 2016ರ ಜೂನ್ 23ರಂದು. ನಿಜವಾಗಿ ಹೊರಬಿದ್ದುದು 2020ರ ಜನವರಿ 31ರಂದು. ನಡುವಣ ಮೂರೂವರೆ ವರ್ಷ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಸಾರ್ವಭೌಮತ್ವದ ಚರ್ಚೆ ನಡೆಯುತ್ತಿದ್ದರೆ ಮನೆಮನೆಗಳಲ್ಲಿ ನಡೆಯುತ್ತಿದ್ದುದು ಪ್ರಯಾಣದ ಚರ್ಚೆ. ಮುಂದಿನ ಬೇಸಗೆಯಲ್ಲಿ ಸ್ಪೇಯಿನಿಗೆ ಹೋಗಲು ವೀಸಾ ಬೇಕಾದೀತೆ? ಅಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ವೆಚ್ಚ ಯಾರದು? ಸಾಕಿದ ನಾಯಿಯನ್ನು ಕರೆದೊಯ್ಯಬಹುದೆ? ಇಂಥ ಸಣ್ಣ ಪ್ರಶ್ನೆಗಳನ್ನು ಪತ್ರಿಕೆಗಳಲ್ಲಿ ಓದಿ ನಮ್ಮಲ್ಲಿ ಕೆಲವರು ನಕ್ಕದ್ದುಂಟು. ಕೊಡಿಯಾಲ್‌ಬೈಲಿನ ನಿವಾಸಿಯಾದ ನನಗೆ ನಗು ಬರಲಿಲ್ಲ. ಇವೇ ಪ್ರಶ್ನೆಗಳನ್ನು ಕೇಳಿಕೊಂಡ ಜನ ನಮ್ಮ ನೆರೆಯಲ್ಲಿಯೇ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೇ ಇದ್ದಾರೆ.

ಕೊಡಿಯಾಲ್ ಎಂಬುದು ಕೊಂಕಣಿಯವರು ಮಂಗಳೂರನ್ನು ಕರೆಯುವ ಹೆಸರು. ಬೈಲು ಎಂದರೆ ತಗ್ಗಿನ ಗದ್ದೆಗಳ ಹರವು. ಆ ಗದ್ದೆಗಳಿದ್ದೆಡೆಯಲ್ಲಿ ಕಾಲಕ್ರಮದಲ್ಲಿ ಬಿಷಪರ ನಿವಾಸ, ಸೆರೆಮನೆ, ಕಾಲೇಜುಗಳು, ಆಸ್ಪತ್ರೆಗಳು ಎದ್ದವು. ಪಕ್ಕದ ಗುಡ್ಡದ ಮೇಲೆ ನ್ಯಾಯಾಲಯ. ಮನುಷ್ಯನು ಊರು ಬಿಟ್ಟು ಪರವೂರಿಗೆ ಆತಂಕದಿಂದ ಧಾವಿಸುವ ಕಾರಣಗಳಲ್ಲಿ ಬಹುಪಾಲು ಇಲ್ಲಿಯೇ ನೆರೆದಿವೆಯೆಂದರೆ ತಪ್ಪಾಗದು. ನಮ್ಮ ಬೀದಿಯ ಔಷಧದಂಗಡಿಗಳ ಮುಂದೆ ನಿಂತರೆ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳೊಡನೆ ಮಲಯಾಳವೂ ಕಿವಿಗೆ ಬೀಳುತ್ತದೆ. ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡು ರಸ್ತೆ ದಾಟುವವರಲ್ಲಿ ಕಾಸರಗೋಡಿನ ಕಡೆಯವರು ದಿನವೂ ಇರುತ್ತಾರೆ. ನನ್ನ ತಾಯಿಯ ತವರೂ ಆ ಕಡೆಯೇ, ವರ್ಕಾಡಿಯಲ್ಲಿ. ನಮ್ಮ ಮನೆಯಲ್ಲಿ 'ಗಡಿಯಾಚೆ' ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. 'ಮೂಡಾಯಿ ಹೋಗಿ ಬರುತ್ತೇನೆ' ಎಂದರೆ ಮುಗಿಯಿತು. ತುಳುವಿನಲ್ಲಿ ಮೂಡಾಯಿ ಎಂದರೆ ಪೂರ್ವದಿಕ್ಕು. ದಿಕ್ಕಿಗೆ ಗಡಿ ಎಲ್ಲಿ?

1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ಒಂದು ತಾಲೂಕು. ಜಿಲ್ಲೆ ದಕ್ಷಿಣ ಕನ್ನಡ, ರಾಜ್ಯ ಮದ್ರಾಸು, ಕಲೆಕ್ಟರರ ಕಚೇರಿ ಮಂಗಳೂರು. ಮರುದಿನ, ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಹೋಯಿತು. ಉಳಿದ ಜಿಲ್ಲೆ ಮೈಸೂರಿಗೆ ಬಂತು. ಬ್ರಿಟನ್ನಿನವರು ತಮ್ಮ ನಿರ್ಗಮನವನ್ನು ತಾವೇ ಮತಪೆಟ್ಟಿಗೆಗೆ ಹಾಕಿದರು. ಕಾಸರಗೋಡಿನವರ ಪಾಲಿಗೆ ಆ ಕೆಲಸವನ್ನು ಮಾಡಿದ್ದು ಫಜಲ್ ಆಲಿ, ಕುಂಜ್ರು, ಪಣಿಕ್ಕರ್ ಎಂಬ ಮೂವರ ಆಯೋಗದ ವರದಿ ಮತ್ತು ಅದನ್ನು ಅನುಸರಿಸಿದ ಕಾನೂನು. ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲೆಸಿದ್ದ ಗೋವಿಂದ ಪೈಗಳು ಕುಳಿತ ಕುರ್ಚಿಯನ್ನು ಕದಲಿಸದೆಯೇ ಬೇರೆ ರಾಜ್ಯದವರಾದರು. 1963ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡಿನ ವಿಲೀನಕ್ಕಾಗಿ ಬಹುಕಾಲ ಹೋರಾಡಿದರು. 1967ರಲ್ಲಿ ಮಹಾಜನ್ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಗಡಿ ಎಲ್ಲಿರಬೇಕಿತ್ತೆಂಬ ಆ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ. ಗಡಿ ಬಂದ ಮೇಲೆ ದಾರಿಯ ಗತಿ ಏನು ಎಂಬುದಷ್ಟೇ ನನ್ನ ಪ್ರಶ್ನೆ.

ರಾಜ್ಯ ಪುನರ್ವಿಂಗಡಣೆಯ ಆ ಕಾನೂನನ್ನು ತೆರೆದು ನೋಡಿದರೆ ಆಸ್ತಿ, ಸಾಲ, ನೌಕರರ ಹಂಚಿಕೆ, ಹೈಕೋರ್ಟುಗಳ ಅಧಿಕಾರ, ಎಲ್ಲಕ್ಕೂ ಕಲಮುಗಳಿವೆ. ಮದ್ರಾಸಿಗೆ ಹೋಗುತ್ತಿದ್ದ ಮೇಲ್ಮನವಿಗಳಲ್ಲಿ ನಮ್ಮವು ಬೆಂಗಳೂರಿಗೂ ಕಾಸರಗೋಡಿನವು ಎರ್ನಾಕುಳಕ್ಕೂ ತಿರುಗಿದವು. ಕಡತಗಳೆಲ್ಲ ಹೀಗೆ ಸುರಕ್ಷಿತವಾಗಿ ಪ್ರಯಾಣ ಮಾಡಿದವು. ಮಂಜೇಶ್ವರದಿಂದ ಮಂಗಳೂರಿನ ಆಸ್ಪತ್ರೆಗೆ ಬರುವ ರೋಗಿಯ ಬಗೆಗೆ ಅಲ್ಲಿ ಮಾತಿಲ್ಲ. ಇರಬೇಕೆಂದು ಅಂದು ಯಾರಿಗೂ ತೋಚಲಾರದು. ಒಂದೇ ದೇಶ, ಒಂದೇ ರೈಲು, ಒಂದೇ ರಸ್ತೆ. ಭಾರತದಲ್ಲೆಲ್ಲ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆಯಷ್ಟೆ. ಅದೇ ವಿಧಿಯ ಕೆಳಗೆ, ಸಾರ್ವಜನಿಕ ಹಿತಕ್ಕಾಗಿ ಆ ಹಕ್ಕಿನ ಮೇಲೆ ಯುಕ್ತವಾದ ನಿರ್ಬಂಧ ಹಾಕಬಹುದೆಂಬ ಮಾತೂ ಇದೆ. ಅದನ್ನು ಓದುವ ಸಂದರ್ಭ ಬಹುಕಾಲ ಬರಲಿಲ್ಲ.

ಅದೇ ನವೆಂಬರ್ 1ರಂದು ಮಂಗಳೂರನ್ನು ಬಿಟ್ಟುಹೋದ ಇನ್ನೊಂದು ನೆಲವಿದೆ. ಅದನ್ನು ನೆನೆಯುವವರು ಕಡಿಮೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಅಮಿನ್‌ದೀವಿ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ದ್ವೀಪದವರು ಹಾಯಿಕಟ್ಟಿದ ಓಡಗಳಲ್ಲಿ ತೆಂಗಿನ ನಾರನ್ನು ಹೇರಿಕೊಂಡು ಮಂಗಳೂರ ಬಂದರಕ್ಕೆ ಬಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಇಂದು ಆ ದ್ವೀಪಗಳು ಲಕ್ಷದ್ವೀಪವೆಂಬ ಕೇಂದ್ರಾಡಳಿತ ಪ್ರದೇಶದಲ್ಲಿವೆ. 1967ರ ನಿಯಮಗಳ ಮೇರೆಗೆ ಹೊರಗಿನವರು ಅಲ್ಲಿ ಕಾಲಿಡಲು ಪರವಾನಗಿ ಬೇಕು. ದ್ವೀಪವಾಸಿಗಳ ರಕ್ಷಣೆಗೆಂದು ಮಾಡಿದ ನಿಯಮ, ಅದು ಸಾಧುವೇ. ಆದರೂ ತನ್ನದೇ ಜಿಲ್ಲೆಯಾಗಿದ್ದ ಊರಿಗೆ ಹೋಗಲು ಮಂಗಳೂರಿಗನು ಅರ್ಜಿ ಬರೆಯುತ್ತಾನೆಂಬುದು ಸೋಜಿಗದ ಸಂಗತಿ. ಒಂದು ಮಾತು ಮಾತ್ರ ನಿಜ: ಅಲ್ಲಿ ಅನಿಶ್ಚಯವಿಲ್ಲ. ಏನು ಬೇಕೆಂಬುದು ಕಾಗದದಲ್ಲಿದೆ.

ಕಾಸರಗೋಡಿನ ದಾರಿಯಲ್ಲಿ ಕಾಗದವಿರಲಿಲ್ಲ, ರೂಢಿಯಿತ್ತು. 1960ರ ದಶಕದಲ್ಲಿ ಆಹಾರಧಾನ್ಯದ ಸಾಗಾಟಕ್ಕೆ ರಾಜ್ಯ ರಾಜ್ಯಗಳ ನಡುವೆ ಕಟ್ಟು ಬಿದ್ದಾಗ ತವರಿನ ಕುಚ್ಚಲಕ್ಕಿಯೂ ಸಂಶಯದ ವಸ್ತುವಾಯಿತು. ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳ ಮುಂದೆ ಲಾರಿಗಳ ಸಾಲು 2017ರ ಜುಲೈಯಲ್ಲಿ ಜಿ.ಎಸ್.ಟಿ. ಬರುವ ತನಕವೂ ಇತ್ತು. ಮನುಷ್ಯನನ್ನು ಮಾತ್ರ ಯಾರೂ ತಡೆಯಲಿಲ್ಲ. ನಮ್ಮ ಸಿಟಿ ಬಸ್ಸು ತಲಪಾಡಿಯಲ್ಲಿ ತಿರುಗುತ್ತದೆ. ಇಳಿದವರು ನಾಲ್ಕು ಹೆಜ್ಜೆ ನಡೆದು ಆಚೆಯ ಬಸ್ಸನ್ನು ಹತ್ತುತ್ತಾರೆ. ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳಿಗೂ ಕೆ.ಎಸ್.ಆರ್.ಟಿ.ಸಿ. ಎಂಬ ಒಂದೇ ಹೆಸರು ಇದ್ದುದು ಈ ಗಡಿಯ ವಿನೋದಗಳಲ್ಲೊಂದು. ರೂಢಿಯನ್ನು ನಂಬದೆ ಬರಹಕ್ಕಿಳಿಸಿದವರೂ ಇದ್ದರು. ಅವರು ಅಡಕೆಯ ಬೆಳೆಗಾರರು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕರ್ನಾಟಕ ಕೇರಳಗಳೆರಡರ ಬೆಳೆಗಾರರದೂ ಆಗಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿತು. ಹೀಗೆ ಅಡಕೆಗೆ ಎರಡೂ ಕಡೆ ಮನೆಯಾಯಿತು.

ಕೇಳುಗರೇ, ರೂಢಿ ಎಷ್ಟು ಗಟ್ಟಿ ಎಂಬುದು ತಿಳಿದದ್ದು 2020ರ ಮಾರ್ಚ್ ತಿಂಗಳಲ್ಲಿ. ಕೊರೋನಾ ಸೋಂಕು ಕಾಸರಗೋಡಿನಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿತ್ತು. ಕರ್ನಾಟಕ ಗಡಿಯನ್ನು ಮುಚ್ಚಿತು. ಹಲವು ರಸ್ತೆಗಳಿಗೆ ಅಡ್ಡಲಾಗಿ ಮಣ್ಣಿನ ರಾಶಿ ಬಿತ್ತು. ಆ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ನಮ್ಮ ಬೀದಿಯಲ್ಲಿಯೂ ಆಗ ಎಲ್ಲರೂ ಬಾಗಿಲು ಮುಚ್ಚಿಕೊಂಡವರೇ. ಆದರೆ ಮಂಜೇಶ್ವರದವನಿಗೆ ಮಂಗಳೂರು ಇಪ್ಪತ್ತು ಕಿಲೊಮೀಟರಿನ ಆಸುಪಾಸು. ಅವನ ರಾಜಧಾನಿ ತಿರುವನಂತಪುರ ಐನೂರಕ್ಕೂ ಮೀರಿದ ದೂರ. ದೊಡ್ಡ ಆಸ್ಪತ್ರೆಗಳು ಇಲ್ಲಿದ್ದವು; ಅವನ ರಕ್ತ ಶುದ್ಧಿಮಾಡುವ ಯಂತ್ರ, ಅವನ ಹೃದಯದ ವೈದ್ಯ ಇಲ್ಲಿದ್ದರು. ಗಡಿಯಲ್ಲಿ ಆಂಬ್ಯುಲೆನ್ಸುಗಳು ಹಿಂತಿರುಗಿದವು. ಚಿಕಿತ್ಸೆಗೆ ತಲುಪಲಾಗದೆ ಹಲವರು ಸತ್ತ ವರದಿಗಳು ಒಂದರ ಮೇಲೊಂದು ಬಂದವು. ಕೊಡಿಯಾಲ್‌ಬೈಲಿನ ಔಷಧದಂಗಡಿಗಳು ಆ ದಿನಗಳಲ್ಲೂ ತೆರೆದಿದ್ದವು. ಎಕ್ಸ್‌ರೇ ಲಕೋಟೆಯ ಆ ಮುಖಗಳು ಮಾತ್ರ ಇರಲಿಲ್ಲ.

ಏಪ್ರಿಲ್ 1ರಂದು ಕೇರಳದ ಹೈಕೋರ್ಟು ತಡೆಯನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಆದೇಶ ನೀಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು ಕೇಂದ್ರವು ಆ ನ್ಯಾಯಾಲಯಕ್ಕೆ ತಿಳಿಸಿದ್ದೇನೆಂದರೆ, ತುರ್ತು ಚಿಕಿತ್ಸೆಯ ರೋಗಿಗಳು ತಲಪಾಡಿಯಲ್ಲಿ ದಾಟುವ ಬಗೆಗೆ ಎರಡು ರಾಜ್ಯಗಳೂ ಒಂದು ಕ್ರಮಕ್ಕೆ ಒಪ್ಪಿವೆ, ಎಂದು. ಇಷ್ಟೇ ಬೇಕಿದ್ದುದು! ಎರಡು ಜಿಲ್ಲೆಗಳ ಅಧಿಕಾರಿಗಳು ಒಂದು ಮಧ್ಯಾಹ್ನ ಕುಳಿತು ಬರೆಯಬಹುದಾಗಿದ್ದ ಕಾಗದಕ್ಕೆ ಎರಡು ಉಚ್ಚ ನ್ಯಾಯಪೀಠಗಳು, ಎರಡು ವಾರಗಳು, ಕೆಲವು ಪ್ರಾಣಗಳು. ಅದೇ ಏಪ್ರಿಲಿನಲ್ಲಿ ಕೇರಳವು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. 2021ರ ಫೆಬ್ರವರಿಯಲ್ಲಿ, ಮತ್ತೆ ಅದೇ ವರ್ಷದ ಮಳೆಗಾಲದಲ್ಲಿ, 72 ಗಂಟೆಯೊಳಗಿನ ಪರೀಕ್ಷಾಪತ್ರ ತೋರಿಸಿದವರಿಗಷ್ಟೇ ಕರ್ನಾಟಕದೊಳಗೆ ಪ್ರವೇಶವೆಂದಾಯಿತು. ಗಡಿ ದಾಟಬೇಕಾದವರಿಗೆ ಅದು ಒಂದು ಬಗೆಯ ಪಾಸ್‌ಪೋರ್ಟೇ ಸರಿ.

ಇಂಗ್ಲೆಂಡಿನ ಮಾತಿಗೆ ಮರಳುತ್ತೇನೆ. 2020ರ ಡಿಸೆಂಬರಿನಲ್ಲಿ, ಒಕ್ಕೂಟದ ಹಳೆಯ ನಿಯಮಗಳು ಮುಗಿಯಲು ಹತ್ತು ದಿನಗಳಿರುವಾಗ, ಇದೇ ಸೋಂಕಿನ ಹೊಸ ಬಗೆಗೆ ಹೆದರಿ ಫ್ರಾನ್ಸ್ ತನ್ನ ಬಾಗಿಲನ್ನು ಹಾಕಿತು. ಕೆಂಟ್ ಪ್ರಾಂತದಲ್ಲಿ ಸಾವಿರಾರು ಲಾರಿಗಳು ನಿಂತವು. ಮರುವರ್ಷದಿಂದ ಬ್ರಿಟಿಷ್ ಪ್ರಜೆಗೆ ಯುರೋಪಿನ ಹೆಚ್ಚಿನ ನಾಡುಗಳಲ್ಲಿ 180 ದಿನಗಳಲ್ಲಿ 90 ದಿನಗಳ ವಾಸ ಮಾತ್ರ. ಆದರೆ ಐರ್ಲೆಂಡಿನೊಡನೆ ಹೀಗಾಗಲಿಲ್ಲ. 1922ರಲ್ಲಿ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾದಾಗ ಸಾಕಷ್ಟು ರಕ್ತ ಹರಿದಿತ್ತು. ಆದರೂ ಮರುವರ್ಷದಿಂದಲೇ ಪರಸ್ಪರ ಓಡಾಟಕ್ಕೆ ಒಂದು ಏರ್ಪಾಡಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದು ನಿಂತಿತು, 1952ರಲ್ಲಿ ಮರುಕಳಿಸಿತು. 2019ರ ಮೇ ತಿಂಗಳಲ್ಲಿ, ಒಕ್ಕೂಟದ ಕಟ್ಟು ಬಿಚ್ಚುವ ಮೊದಲೇ, ಎರಡು ಸರಕಾರಗಳೂ ಸಂಚಾರ, ವಾಸ, ವೈದ್ಯ, ವಿದ್ಯೆಗಳ ಹಕ್ಕನ್ನು ಹೊಸದಾಗಿ ಬರೆದು ಸಹಿಹಾಕಿದವು. ಒಬ್ಬರನ್ನೊಬ್ಬರು ಕೊಂದ ಚರಿತ್ರೆಯುಳ್ಳವರು ಬರೆದುಕೊಂಡರು. ಒಂದೇ ಭೂತಕ್ಕೆ ಕೋಲ ಕೊಡುವ ನಾವು ಬರೆದುಕೊಳ್ಳಲಿಲ್ಲ. ಅತಿ ಸಲಿಗೆಯೂ ಇದಕ್ಕೆ ಕಾರಣವಿದ್ದೀತು.

ಈ ಆಕಾಶವಾಣಿಯ ಧ್ವನಿ ಪರವಾನಗಿ ಕೇಳದೆ ತಲಪಾಡಿಯನ್ನು ದಾಟಿ ಹೋಗುತ್ತದೆ. ಆಚೆ ಕುಳಿತು ಕೇಳುತ್ತಿರುವವರಿಗೂ ಈಚೆಯವರಿಗೂ ಸೇರಿಸಿಯೇ ಹೇಳುತ್ತೇನೆ. ಮುಂದೆ ಯಾವ ಕಾರಣಕ್ಕೆ ದಾರಿ ಮುಚ್ಚಬೇಕಾದರೂ ಯಾರನ್ನು ತಡೆಯಬಾರದೆಂಬುದನ್ನು ಎರಡು ಜಿಲ್ಲೆಗಳು ಈಗಲೇ ಒಂದು ಪುಟದಲ್ಲಿ ಬರೆದಿಡಲಿ. ರೋಗಿ, ಹೆರಿಗೆಯ ಹೆಂಗಸು, ಪರೀಕ್ಷೆಗೆ ಹೊರಟ ಮಕ್ಕಳು, ಸಾವಿನ ಮನೆಗೆ ಹೊರಟವರು. ಆ ಪುಟವನ್ನು ತಲಪಾಡಿಯಲ್ಲಷ್ಟೇ ಅಲ್ಲ, ಸಾರಡ್ಕದಲ್ಲಿಯೂ ಜಾಲ್ಸೂರಿನಲ್ಲಿಯೂ ಕನ್ನಡ ಮಲಯಾಳಗಳೆರಡರಲ್ಲಿ ಅಂಟಿಸಬೇಕು. ಓದಲು ಬಾರದವರಿಗೆ ತುಳುವಿನಲ್ಲಿ ಹೇಳುವವರು ಎರಡೂ ಕಡೆಯಲ್ಲಿ ಸಿಗುತ್ತಾರೆ.