ವಸಡಿನಲ್ಲಿ ರಕ್ತ ಕಂಡರೆ



ಹಾಲು, ಲೆಕ್ಕ, ಬೋನಸ್ಸಿನ ಮಾತು ಈ ಬೆಳ್ಳಿಹಬ್ಬದಲ್ಲಿ ಬೇಕಾದಷ್ಟಾಯಿತು. ನಮಗೆ ಒಪ್ಪಿಸಿರುವ ವಿಷಯ ಆರೋಗ್ಯ. ಅದರಲ್ಲಿ ನಾವು ವಸಡನ್ನು ಆರಿಸಿಕೊಂಡಿದ್ದೇವೆ.

ಸಂತೆಯಲ್ಲಿ ರಾಸು ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಕೆಚ್ಚಲು ಬಾವು ಇದೆಯೇನೋ ಎಂದು ಮೊದಲ ಧಾರೆಯನ್ನು ಬೇರೆ ಹಿಂಡಿ ನೋಡುತ್ತೇವೆ. ನಮ್ಮ ಬಾಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವವರು ಎಷ್ಟು ಜನ? ಐವತ್ತು ದಾಟಿ ಹಲ್ಲು ಅಲ್ಲಾಡಿದರೆ "ವಯಸ್ಸಾಯ್ತು ಬಿಡಿ" ಅಂತೀವಿ. ಬರೀ ವಯಸ್ಸಿಗೆ ಹಲ್ಲು ಬೀಳುವುದಿಲ್ಲ. ಬಹುಪಾಲು ಹೋಗುವುದು ಹುಳುಕಿನಿಂದ ಮತ್ತು ವಸಡಿನ ರೋಗದಿಂದ.

ಹಲ್ಲಿನ ಬುಡದಲ್ಲಿ ದಿನವೂ ಲೋಳೆಯಂಥ ಪಾಚಿ ಕಟ್ಟುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ರೋಗಾಣುಗಳು. ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಕೆಲವೇ ದಿನದಲ್ಲಿ, ನೀರೊಲೆ ಹಂಡೆಯೊಳಗೆ ಸುಣ್ಣ ಕಟ್ಟಿದ ಹಾಗೆ ಗಟ್ಟಿ ಗಾರೆಯಾಗುತ್ತದೆ, ಆಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ವಸಡು ಕೆಂಪಾಗಿ ಊದಿ, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿ. ಬಿಟ್ಟರೆ ರೋಗ ಒಳಗಿಳಿದು, ಹಲ್ಲು ಹಿಡಿದಿರುವ ಮೂಳೆಯನ್ನೇ ತಿನ್ನುತ್ತದೆ. ಬುಡದ ಮಣ್ಣು ಕೊಚ್ಚಿಹೋದ ತೆಂಗಿನ ಮರದಂತಾಗುತ್ತದೆ ಹಲ್ಲಿನ ಪಾಡು. ಹೋದ ಮೂಳೆ ತಾನಾಗಿ ಮತ್ತೆ ಬೆಳೆಯದು, ಇನ್ನೂ ಹೋಗದಂತೆ ತಡೆಯಬಹುದು ಅಷ್ಟೇ.

ಮೋಸವೇನೆಂದರೆ, ಬಹಳ ಕಾಲ ನೋವೇ ಇರುವುದಿಲ್ಲ. ಉಗುಳಿನಲ್ಲಿ ರಕ್ತ, ಎಷ್ಟು ಮುಕ್ಕಳಿಸಿದರೂ ಹೋಗದ ವಾಸನೆ, ವಸಡು ಸರಿದು ಹಲ್ಲು ಉದ್ದವಾದಂತೆ ಕಾಣುವುದು, ಸಂದು ಅಗಲವಾಗುವುದು, ಒತ್ತಿದರೆ ಕೀವು, ಇವೇ ಗುರುತು. ಬೀಡಿ ಸೇದುವವರಲ್ಲಿ ರಕ್ತವೂ ಅಷ್ಟಾಗಿ ಕಾಣುವುದಿಲ್ಲ, ಆದರೆ ರೋಗ ಒಳಗೊಳಗೇ ಜೋರು. ಸಕ್ಕರೆ ಕಾಯಿಲೆಯವರಿಗೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ರಕ್ತ ಬಂತೆಂದು ಉಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒಳಮಗ್ಗುಲೂ ಸೇರಿ ಎರಡು ನಿಮಿಷ, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಎರಡು ವಾರ ಕಳೆದರೂ ರಕ್ತ ನಿಲ್ಲದಿದ್ದರೆ ದಂತ ವೈದ್ಯರಿಗೆ ತೋರಿಸಿ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನೇ ಸವೆಸುತ್ತವೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಬೇವಿನ ಕಡ್ಡಿ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತುದಿ ಜಗಿದು ಮೆತ್ತಗೆ ಮಾಡಿಕೊಂಡು ಉಜ್ಜಬೇಕು. ಗದ್ದೆ ದಾರೀಲಿ ಸುಮ್ಮನೆ ಕಚ್ಚಿಕೊಂಡು ಹೋದರೆ ಪಾಚಿ ಹೋದೀತೆ?

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಅನ್ನೋ ಮಾತು ನಮ್ಮಲ್ಲಿ ಬಲವಾಗಿದೆ. ಸಡಿಲ ಮಾಡಿದ್ದು ರೋಗ, ಗಾರೆ ಅದನ್ನು ಮುಚ್ಚಿಕೊಂಡಿತ್ತು, ತೆಗೆದಾಗ ಸಂದು ಕಾಣುತ್ತದೆ. ಗಾರೆ ಹೋದ ಮೇಲೆ ವಸಡು ಗಟ್ಟಿಯಾಗುತ್ತದೆ.

ಮುದ್ದೆ ನುಂಗೋ ನಮಗೆ ಹಲ್ಲು ಯಾಕೆ ಎಂದು ಹಿರಿಯರೊಬ್ಬರು ನಗಿಸಿದರು. ಮುದ್ದೆ ಸರಿ, ಹುರುಳಿಕಾಳು, ಕಡಲೆಕಾಯಿ, ಕಬ್ಬು ಏನು ಮಾಡೋಣ?

ಸಂಘದಿಂದ ಹಲ್ಲಿನ ತಪಾಸಣೆ ಏರ್ಪಡಿಸುತ್ತಿದ್ದೇವೆ. ಬೆಳಿಗ್ಗೆ ಹಾಲು ಹಾಕಲು ಬಂದಾಗ ಮನೆಯ ದೊಡ್ಡವರ ಹೆಸರು ಬರೆಸಿ. ಸಕ್ಕರೆ ಕಾಯಿಲೆ ಇರುವವರು ಅಂದು ಮಾತ್ರೆ ಚೀಟಿ ತಪ್ಪದೆ ತನ್ನಿ.