ಮಳೆಯ ಲೆಕ್ಕ ನಮ್ಮ ಅಂಗಳದಲ್ಲೇ ಆಗಲಿ

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರ ಶಿಕ್ಷಣದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನನ್ನ ಮಾತು ಮುಗಿದ ಮೇಲೆ ಮಕ್ಕಳ ಯಕ್ಷಗಾನವಿದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಕುಳಿತವರನ್ನು ಕಾಯಿಸುವುದು ಸರಿಯಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಭೂಮಿಯ ಬಿಸಿ ಏರುವುದಕ್ಕೆ ಕಾರಣವಾದ ಅನಿಲ ಯಾವುದೆಂದು ಕೇಳಿದರೆ ಈ ಚಾಪೆಯಿಂದ ಹತ್ತು ಕೈ ಮೇಲೇಳುತ್ತದೆ. ಒಳ್ಳೆಯದೇ. ಆದರೆ ಕಳೆದ ಆಟಿ ತಿಂಗಳಲ್ಲಿ ನಮ್ಮ ಊರಿಗೆ ಎಷ್ಟು ಮಳೆ ಬಂತು? ಇದಕ್ಕೆ ಮಕ್ಕಳಲ್ಲೂ ಉತ್ತರವಿಲ್ಲ, ದೊಡ್ಡವರಾದ ನಮ್ಮಲ್ಲೂ ಇಲ್ಲ. "ಜೋರು ಬಂತು", "ಮೊದಲಿನ ಹಾಗೆ ಇಲ್ಲ" ಎಂದು ಜಗಲಿಯಲ್ಲಿ ಕುಳಿತು ಹೇಳುತ್ತೇವೆ. ಮೊದಲು ಹೇಗಿತ್ತೆಂದು ಬರೆದಿಟ್ಟವರಿಲ್ಲ. ಹವಾಮಾನ ಬದಲಾಗಿದೆ ಎಂದು ಪತ್ರಿಕೆಯಲ್ಲಿ ಓದಿ ನಂಬುವವರು ನಾವು. ನಮ್ಮ ಗುಡ್ಡೆಯಲ್ಲಿ ಏನು ಬದಲಾಗಿದೆ ಎಂದು ತೋರಿಸಲು ಒಂದು ಹಾಳೆ ಕಾಗದವೂ ನಮ್ಮ ಕೈಯಲ್ಲಿಲ್ಲ.

ಈ ಕೊರತೆಯನ್ನು ಮಕ್ಕಳೇ ತುಂಬಬಲ್ಲರು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಹಣ ಬೇಡ. ತಂಪು ಪಾನೀಯದ ಒಂದು ಖಾಲಿ ಬಾಟ್ಲಿ ಸಾಕು. ಬದಿ ನೇರವಾಗಿರುವ ಬಾಟ್ಲಿ ಆಗಬೇಕು, ನಡು ಸಪೂರ ಇರುವುದು ಆಗದು. ಮೇಲಿನ ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗೆ ಮಾಡಿ ಬಾಯಿಗೆ ಇಟ್ಟರೆ ಆಲಿಕೆಯಾಯಿತು. ಬಿಸಿಲಿಗೆ ನೀರು ಆರುವುದೂ ಕಡಿಮೆಯಾಗುತ್ತದೆ. ಬಾಟ್ಲಿಯ ತಳ ಉಬ್ಬುತಗ್ಗಾಗಿರುತ್ತದೆ. ಅಲ್ಲಿಗೆ ನಾಲ್ಕು ಕಲ್ಲು ಹಾಕಿ, ಬದಿ ನೇರವಾಗುವಲ್ಲಿಯವರೆಗೆ ನೀರು ತುಂಬಿಸಿ ಒಂದು ಗೆರೆ ಎಳೆಯಬೇಕು. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಒಂದು ಸೆಂಟಿಮೀಟರ್ ಏರಿದರೆ ಹತ್ತು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ನೋಡುತ್ತಾರೆ, ನಾವೂ ಅದೇ ಹೊತ್ತಿಗೆ ನೋಡಿ ಬರೆದು, ಹೆಚ್ಚಿನ ನೀರನ್ನು ಚೆಲ್ಲಿ ಪುನಃ ಸೊನ್ನೆಗೆ ತರಬೇಕು. ನಮ್ಮ ಕಡೆ ಒಂದೇ ದಿನ ಬಾಟ್ಲಿ ತುಂಬಿ ಹೊರಚೆಲ್ಲುವಂಥ ಮಳೆಯೂ ಉಂಟು. ಅಂಥ ದಿನ ಎರಡು ಮೂರು ಸಲ ನೋಡಿ ಕೂಡಿಸಬೇಕಾದೀತು.

ಇಡುವ ಜಾಗ ಮುಖ್ಯ. ಮರವಾಗಲಿ ಮಾಡಾಗಲಿ ಎಷ್ಟು ಎತ್ತರವೋ, ಕನಿಷ್ಠ ಅದರ ಇಮ್ಮಡಿ ದೂರದಲ್ಲಿರಬೇಕು. ತೆಂಗಿನ ಮರದ ಬುಡದಲ್ಲಿಟ್ಟರೆ ಮಡಲಿನಿಂದ ಸುರಿದ ನೀರಿನ ಲೆಕ್ಕ ಸಿಕ್ಕೀತೇ ಹೊರತು ಮಳೆಯದ್ದಲ್ಲ.

ಈಗ ಯಾರಾದರೂ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: "ಮಾಸ್ಟ್ರೇ, ನನ್ನ ಬಾಟ್ಲಿ ಸಪೂರ, ಅವನದ್ದು ದಪ್ಪ, ಅವನಿಗೆ ಹೆಚ್ಚು ಮಳೆ ಸಿಗುವುದಿಲ್ಲವೇ?" ಅಧ್ಯಾಪಕರು ಇದಕ್ಕೆ ಉತ್ತರ ಹೇಳಬಾರದು. ಎರಡನ್ನೂ ಅಕ್ಕಪಕ್ಕ ಇಡಿಸಿ ಮರುದಿನ ನೋಡಲು ಹೇಳಬೇಕು. ಬಾಯಿ ಅಗಲವಾದಷ್ಟೂ ಬೀಳುವ ನೀರು ಹೆಚ್ಚು, ಆದರೆ ಅದು ಹರಡುವ ತಳವೂ ಅಷ್ಟೇ ಅಗಲ, ಎತ್ತರ ಒಂದೇ. ತನ್ನ ಕಣ್ಣಿನಿಂದ ಕಂಡ ಮಗು ಇದನ್ನು ಮತ್ತೆ ಮರೆಯುವುದಿಲ್ಲ.

ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮನೆಯ ಮಾಡು 100 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವ ನೀರು 3,50,000 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಐದು ಮಂದಿಯ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡೂವರೆ ಲಕ್ಷ ಲೀಟರಿಗೂ ಕಡಿಮೆ. ಇಷ್ಟು ಸಿಕ್ಕಿಯೂ ವಿಷುವಿನ ಹೊತ್ತಿಗೆ ಟ್ಯಾಂಕರಿಗೆ ಕಾಯುವ ಮನೆಗಳು ನಮ್ಮಲ್ಲಿವೆ. ಏಳನೇ ತರಗತಿಯ ಹುಡುಗಿ ತನ್ನ ಮನೆಯ ಮಾಡನ್ನು ತಾನೇ ಅಳೆದು ಈ ಗುಣಾಕಾರ ಮಾಡಿದರೆ, ಸಂಜೆ ಅಪ್ಪನಲ್ಲಿ ಒಂದು ಪ್ರಶ್ನೆ ಕೇಳದೆ ಇರಲಾರಳು. ಅಪ್ಪಂದಿರು ಸಿದ್ಧರಾಗಿರುವುದು ಒಳ್ಳೆಯದು.

ಇದು ಮಕ್ಕಳಾಟ ಎಂದು ಯಾರಿಗಾದರೂ ತೋರಿದರೆ ವಯನಾಡಿನ ಸಂಗತಿಯನ್ನು ನೆನಪಿಸುತ್ತೇನೆ. ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಆ ಜಿಲ್ಲೆಯ 200ಕ್ಕೂ ಹೆಚ್ಚು ಕಡೆಗಳ ಮಳೆಯ ಲೆಕ್ಕವನ್ನು ದಿನದಿನವೂ ಕಲೆಹಾಕುತ್ತದೆ. ಮಾಪಕ ನೋಡಿ ತಿಳಿಸುವವರಲ್ಲಿ ಊರಿನ ಕೃಷಿಕರೂ ಇದ್ದಾರೆ. 2024ರ ಜುಲೈ 29ರಂದು, ಬಿದ್ದ ಮಳೆಯ ಅಂಕಿ ನೋಡಿ, ಮುಂಡಕೈ ಭಾಗದಲ್ಲಿ ಗುಡ್ಡ ಜರಿಯುವ ಅಪಾಯವಿದೆಯೆಂದು ಅವರು ಮುನ್ಸೂಚನೆ ಕೊಟ್ಟಿದ್ದರು. 30ರ ನಸುಕಿನಲ್ಲಿ ಗುಡ್ಡ ಜರಿಯಿತು. ಮುಂಡಕೈ, ಚೂರಲ್‌ಮಲಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಕೋಟ್ಟಯಂ ಕಡೆ ಮೀನಚ್ಚಿಲ್ ಹೊಳೆಯ ಉದ್ದಕ್ಕೂ ಊರವರು, ಶಾಲಾ ಮಕ್ಕಳು ಸೇರಿ ಮಳೆಯನ್ನೂ ಹೊಳೆಯ ಮಟ್ಟವನ್ನೂ ಅಳೆದು ಕೆಳಗಿನ ಊರುಗಳಿಗೆ ತಿಳಿಸುವ ಕ್ರಮ ಇಟ್ಟುಕೊಂಡಿದ್ದಾರೆ. ದೂರದ ಕೇಂದ್ರದ ಅಂಕಿಗೂ ನಮ್ಮ ಗುಡ್ಡೆಯ ಅಂಕಿಗೂ ಅಜಗಜಾಂತರ ಇರಬಹುದು. ಒಂದು ಗುಡ್ಡೆಯ ಆಚೆ ಸುರಿದು ಈಚೆ ಹನಿಯೂ ಬೀಳದ ಮಳೆಯನ್ನು ನಾವೆಲ್ಲ ಕಂಡವರೇ. 2018ರಲ್ಲಿ ಕೇರಳ ಮುಳುಗಿತು. 2023ರ ಮುಂಗಾರಿನಲ್ಲಿ ಇದೇ ಕೇರಳಕ್ಕೆ ವಾಡಿಕೆಗಿಂತ ಶೇಕಡಾ 34ರಷ್ಟು ಕಡಿಮೆ ಮಳೆ. ಆ ಎರಡು ವರ್ಷ ನಮ್ಮ ಊರಿನಲ್ಲಿ ಏನಾಯಿತೆಂಬುದಕ್ಕೆ ಬಾಯಿಮಾತಲ್ಲದೆ ಬೇರೆ ಆಧಾರವಿಲ್ಲ.

ಮಳೆಯಿಂದ ಸುರಂಗಕ್ಕೆ ಬರುತ್ತೇನೆ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗ ಎಂದರೇನೆಂದು ವಿವರಿಸಬೇಕಾಗಿಲ್ಲ. ಪರವೂರಿನಿಂದ ಬಂದವರಿಗಾಗಿ ಹೇಳುತ್ತೇನೆ. ಮುರಕಲ್ಲಿನ ಗುಡ್ಡೆಯ ಬದಿಯಿಂದ ಒಳಕ್ಕೆ, ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ ಮಾಡಿಕೊಂಡು, ಅಡ್ಡಕ್ಕೆ ಕೊರೆದ ಬಿಲ ಅದು. ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ತೋಡುವವರು ಒಳಗೆ ದೀಪ ಇಟ್ಟುಕೊಳ್ಳುತ್ತಿದ್ದರು. ದೀಪ ಮಂಕಾಯಿತೆಂದರೆ ಉಸಿರಾಡುವ ಗಾಳಿ ಸಾಲದು, ಹೊರಗೆ ಬರಬೇಕು. ಇದು ಯಾವ ಪಠ್ಯದಲ್ಲಿತ್ತು? ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ನೀರು ತರಿಸಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮವರೇ ಆದ ಶ್ರೀಪಡ್ರೆಯವರು ಈ ಜಲವಿದ್ಯೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಆದರೆ ಸುರಂಗ ತೋಡಬಲ್ಲ ಕೈಗಳು ಕಡಿಮೆಯಾದವು, ಕೊಳವೆಬಾವಿ ಕೊರೆಯುವ ಲಾರಿ ಮಾತ್ರ ಒಂದು ಫೋನು ಮಾಡಿದರೆ ರಾತ್ರಿಯೇ ಬಂದು ನಿಲ್ಲುತ್ತದೆ.

ಸುರಂಗ ತೋಡಿದ ಅಜ್ಜಂದಿರು ಒಬ್ಬಿಬ್ಬರಾದರೂ ಊರಿನಲ್ಲಿ ಇರುವಾಗಲೇ ಮಕ್ಕಳನ್ನು ಅವರ ಬಳಿಗೆ ಕರೆದೊಯ್ಯಬೇಕು. ಸುರಂಗದ ಬಾಯಿಯಲ್ಲಿ ನಿಂತು ಒಂದು ಕೊಡಪಾನ ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆಯಲಿ. ಒಳಗೆ ಹೋಗುವುದು ಬೇಡ, ಅದು ತಿಳಿದವರ ಕೆಲಸ.

ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತದೆ. ಸುರಂಗ, ಮದಕ, ಕಟ್ಟ, ತೋಡು. ನೀರಿಗೆ ಸಂಬಂಧಪಟ್ಟ ಈ ಮಾತುಗಳು ಪುಸ್ತಕದ ಕನ್ನಡದಲ್ಲಿ ನಮ್ಮ ಅರ್ಥದಲ್ಲಿ ಸಿಗುವುದು ಅಪರೂಪ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ನಾವು ಸಭೆ ಸಭೆಗಳಲ್ಲಿ ಕೊರಗುತ್ತೇವೆ. ಮಗು ಕಟ್ಟ ಕಟ್ಟುವುದನ್ನು ನೋಡದಿದ್ದರೆ, ಒಂದು ಬುಟ್ಟಿ ಮಣ್ಣಾದರೂ ಹೊರದಿದ್ದರೆ, ಯಾವ ಮಾಧ್ಯಮದಲ್ಲಿ ಓದಿದರೂ ಆ ಶಬ್ದ ಅದರ ಬಾಯಿಗೆ ಬಾರದು.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು, 2003ರಲ್ಲಿ ಮತ್ತೊಮ್ಮೆ ಹೇಳಿತು. ಪುಸ್ತಕ ಬಂತು, ಪರೀಕ್ಷೆ ಬಂತು, ಜೂನ್ ಐದಕ್ಕೆ ಗಿಡ ನೆಟ್ಟು ಫೋಟೋ ತೆಗೆಯುವುದೂ ಬಂತು. ಅದಕ್ಕಿಂತ, ಕೇರಳದ ಅನೇಕ ಶಾಲೆಗಳು ಸೇರಿಕೊಂಡಿರುವ 'ಸೀಸನ್‌ವಾಚ್' ಕಾರ್ಯಕ್ರಮ ನನಗೆ ಮೆಚ್ಚಿಗೆ. ಒಂದು ಮಗುವಿಗೆ ಒಂದು ಮರ. ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿ ನೋಡಿ ಬರೆಯುವುದು, ಅಷ್ಟೆ. ವಿಷು ಕಣಿಗೆ ಇಡುವ ಕಕ್ಕೆಹೂ ಈಗ ವಿಷುವಿಗೆ ಕಾಯುತ್ತದೆಯೇ, ಮೊದಲೇ ಅರಳಿ ಉದುರುತ್ತದೆಯೇ ಎಂಬುದು ಹಾಗೆ ಗೊತ್ತಾಗಬೇಕಾದ ವಿಷಯ.

ಕೊನೆಯದಾಗಿ ಸಮಿತಿಯವರಲ್ಲಿ ಬೇಡಿಕೆ. ಊಟಕ್ಕೆ ಬಾಳೆಲೆ, ಹಾಳೆತಟ್ಟೆ ಇಟ್ಟಿದ್ದೀರಿ, ಸಂತೋಷ. ವೇದಿಕೆಯಲ್ಲಿ ನಮ್ಮ ಮುಂದೆ ಪ್ಲಾಸ್ಟಿಕ್ ಬಾಟ್ಲಿಯ ನೀರು ಇಟ್ಟದ್ದನ್ನು ಮಕ್ಕಳು ನೋಡಿದ್ದಾರೆ; ಮುಂದಿನ ವರ್ಷ ಚೊಂಬಿನಲ್ಲಿ ಕೊಟ್ಟರೆ ಗಣ್ಯರು ಬೇಡ ಎನ್ನಲಾರರು. ಈ ಸಲದ ಬಾಟ್ಲಿಗಳಲ್ಲಿ ಬದಿ ನೇರವಾಗಿರುವುದು ಸಿಕ್ಕಿದರೆ ಮಳೆಮಾಪಕಕ್ಕೆ ತೆಗೆದಿಡಿ. ದೇವಸ್ಥಾನದ ಹೊರಾಂಗಣದಲ್ಲಿ, ಮರದಿಂದ ದೂರ, ಮಾಪಕ ಇಡಲು ಒಂದು ಮಾರು ಜಾಗ ಬೇಕು. ಕಚೇರಿಯಲ್ಲಿ ಒಂದು ದಪ್ಪ ಪುಸ್ತಕ ಇಡಬೇಕು. ಪತ್ತನಾಜೆಯ ಮರುದಿನ ಶುರುಮಾಡೋಣ, ಹೇಗೂ ಉತ್ಸವ, ಆಟಗಳೆಲ್ಲ ಮುಗಿದು ಮಳೆ ಕಾಯುವ ಹೊತ್ತು ಅದು. ಶಾಲೆಗೆ ಹೋಗುವ ದಾರಿಯಲ್ಲಿ ದಿನಕ್ಕೆ ಇಬ್ಬರು ಮಕ್ಕಳು ನೋಡಿ ಬರೆಯುತ್ತಾರೆ, ರಜೆಯ ದಿನ ಅರ್ಚಕರು ಸಹಕರಿಸುವರೆಂಬ ನಂಬಿಕೆ ನನಗಿದೆ. ಬಾವಿಗಳ ಮಟ್ಟವನ್ನು ನವರಾತ್ರಿ, ಶಿವರಾತ್ರಿ, ವಿಷು, ಪತ್ತನಾಜೆ, ಹೀಗೆ ನಾಲ್ಕು ಸಲ, ದೊಡ್ಡವರು ಜೊತೆಗಿದ್ದು, ಗಂಟು ಹಾಕಿದ ಹಗ್ಗ ಇಳಿಸಿ ನೋಡಿದರಾಯಿತು. ಮೊದಲು ದೇವಸ್ಥಾನದ ಬಾವಿ, ಮತ್ತೆ ಒಪ್ಪಿದವರ ಮನೆಯದ್ದು.

ಪುಸ್ತಕವನ್ನೂ ಅಳತೆಪಟ್ಟಿಯನ್ನೂ ನಾನು ತಂದಿದ್ದೇನೆ, ಅಧ್ಯಕ್ಷರ ಕೈಗೆ ಒಪ್ಪಿಸುತ್ತೇನೆ. ಮೊದಲ ವಾರ ಬರೆಯಲು ಬರುವ ಮಕ್ಕಳು ಆಟ ಮುಗಿದ ಮೇಲೆ ಹೆಸರು ಕೊಡಿ. ಚೆಂಡೆಯವರು ಸಿದ್ಧರಾಗಿದ್ದಾರೆಂದು ಕಾಣುತ್ತದೆ.